ಕೊಟ್ಟೂರಿನಲ್ಲಿ ಟೆಲ್‌ನೆಟ್ ನಿಲ್ಲಿಸಿದ ದಿನಗಳು

ಕೊಟ್ಟೂರಿನ ಆಪರೇಟರ್ ಅಕ್ಕನ ಲಾಗಿನ್ ಇವತ್ತೇ ಮುಚ್ಚಿಬಿಡು ಎಂದು ದೊಡ್ಡ ಡಾಕ್ಟರು ಹೇಳಿದಾಗ ನಾನು ಸರ್ವರ್‌ನ ಬ್ಯಾಕಪ್ ಟೇಪು ಬದಲಿಸುತ್ತಿದ್ದೆ. ಲಾಗಿನ್ ಮುಚ್ಚುವುದು ಒಂದು ಸಾಲಿನ ಕೆಲಸ. ಟೇಪನ್ನು ಕೈಯಲ್ಲಿ ಹಿಡಿದುಕೊಂಡೇ, ಯಾಕೆ ಸಾರ್ ಎಂದೆ. ಆಕೆ ಒಬ್ಬ ರೋಗಿಯ ಗುಟ್ಟನ್ನು ಊರಿಗೆ ಹರಡಿದ್ದಾಳೆ, ಇನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದರು.

ಅದು ಎರಡು ಸಾವಿರದ ಐದನೇ ಇಸವಿಯ ಹೊತ್ತು. ಹರಪನಹಳ್ಳಿಯಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ಅದರ ನಾಲ್ಕು ಸಣ್ಣ ಕೇಂದ್ರಗಳು. ಒಂದೊಂದು ಕೇಂದ್ರಕ್ಕೆ ಒಂದು ಹಳೆಯ ಕಂಪ್ಯೂಟರ್, ಒಬ್ಬ ಆಪರೇಟರ್. ರೋಗಿಗಳ ರಕ್ತದ ಸ್ಯಾಂಪಲ್ ಬಸ್ಸಿನಲ್ಲಿ ನಮ್ಮ ಲ್ಯಾಬಿಗೆ ಬರುತ್ತಿತ್ತು. ರಿಪೋರ್ಟು ತಂತಿಯ ಮೇಲೆ ವಾಪಸು ಹೋಗುತ್ತಿತ್ತು. ಐದೂ ಊರಿನ ಆ ತಂತಿಗಳಿಗೆ ನಾನೊಬ್ಬಳೇ ದಿಕ್ಕು. ಪಾಲಿಟೆಕ್ನಿಕ್ಕಿನ ಡಿಪ್ಲೊಮಾ, ಕೇಬಲ್ಲಿಗೆ ಪಿನ್ನು ಕೂರಿಸುವ ಇಕ್ಕಳ, ಬಸ್ ಪಾಸು, ಜೊತೆಗೆ ಮೂಗಿನ ತುದಿಯಲ್ಲೇ ಇರುತ್ತಿದ್ದ ಸಿಟ್ಟು: ಇಷ್ಟು ನನ್ನ ಆಸ್ತಿ.

ಆ ರೋಗಿ ಕೊಟ್ಟೂರಿನವಳು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗೂ ಓಣಿಯ ಮನೆಗಳಿಗೂ ಕೊಟ್ಟು ಬದುಕುತ್ತಿದ್ದ ಹೆಂಗಸು. ರಕ್ತದಲ್ಲಿ ಎಚ್‌ಐವಿ ಇದೆಯೆಂದು ಗೊತ್ತಾಗಿ ತಿಂಗಳೂ ಆಗಿರಲಿಲ್ಲ. ಅದನ್ನು ಆಕೆಗೆ ಕೂರಿಸಿಕೊಂಡು, ನೀರು ಕೊಟ್ಟು, ಮೆಲ್ಲಗೆ ತಿಳಿಸಿದವಳು ಆಪರೇಟರ್ ಅಕ್ಕನೇ. ಅದಕ್ಕೆ ಬೇಕಾದ ತರಬೇತಿಯೂ ಅಕ್ಕನಿಗೆ ಆಗಿತ್ತು. ತಿಂಗಳಿಗೊಮ್ಮೆ ಬಂದು ಮಾತ್ರೆ ಒಯ್ಯಬೇಕು, ಒಂದು ದಿನವೂ ತಪ್ಪಿಸಬಾರದು ಎಂದು ಆಕೆಯನ್ನು ಒಪ್ಪಿಸಿದ್ದಳು. ಅಷ್ಟರಲ್ಲಿ ಓಣಿಯ ಒಂದು ಮನೆಯವರು ರೊಟ್ಟಿ ಬೇಡವೆಂದರು. ಆಮೇಲೆ ನಾಲ್ಕು ಮನೆಯವರು, ಆಮೇಲೆ ಖಾನಾವಳಿಯವರು. ರೊಟ್ಟಿಯಿಂದ ಆ ಕಾಯಿಲೆ ಬರುವುದಿಲ್ಲ ಎಂದು ಡಾಕ್ಟರು ಹೇಳಬಹುದು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಆಕೆ ಕೇಂದ್ರಕ್ಕೆ ಬಂದು, ಮಾತ್ರೆಯ ಕಾರ್ಡನ್ನು ಮೇಜಿನ ಮೇಲಿಟ್ಟು, ಅಕ್ಕನಿಗೆ ಎರಡು ಮಾತು ಹೇಳಿ ಹೊರಟುಹೋಗಿದ್ದಳು.

“ನಿನ್ನ ಮುಂದ ಕುಂತು ಅತ್ತಿದ್ನೆಲ್ಲ ಯಕ್ಕಾ. ಗ್ವಾಡಿ ಮುಂದ ಅತ್ತಿದ್ರ ಅದು ಸುಮ್ನಿರ್ತಿತ್ತು.”

ಮನೆಯಲ್ಲಿ ಇನ್ನು ಒಂಬತ್ತು ದಿನದ ಮಾತ್ರೆ ಉಳಿದಿರಬೇಕು, ಅದು ಮುಗಿದು ನಡುವೆ ನಿಂತರೆ ಮತ್ತೆ ಅದೇ ಮಾತ್ರೆ ಮೈಗೆ ಹತ್ತುವುದು ಕಷ್ಟ ಎಂದು ದೊಡ್ಡ ಡಾಕ್ಟರು ಹೇಳಿದರು. ಅವರು ಕೆಟ್ಟವರಲ್ಲ. ಆ ಹೆಂಗಸಿನ ಜೀವದ ಚಿಂತೆ ಅವರಿಗೆ ನನಗಿಂತ ಹೆಚ್ಚೇ ಇತ್ತು. ಅಕ್ಕನ ಮೇಲೆ ಅವರಿಗೆ ಸಂಶಯ ಹುಟ್ಟಿಸಿದ್ದು ಸಹ ನಾನೇ. ಆ ರಿಪೋರ್ಟನ್ನು ಯಾರು ಯಾರು ತೆರೆದಿದ್ದಾರೆ ನೋಡು ಎಂದು ಹಿಂದಿನ ದಿನ ಕೇಳಿದ್ದರು. ಸರ್ವರ್ ಬರೆದಿಟ್ಟುಕೊಂಡ ದಾಖಲೆಯನ್ನು ಪ್ರಿಂಟು ತೆಗೆದು, ಜಾಣತನ ಮೆರೆಯುತ್ತ ಅವರ ಮೇಜಿನ ಮೇಲೆ ಇಟ್ಟಿದ್ದೆ: ಲ್ಯಾಬಿನವರನ್ನು ಬಿಟ್ಟರೆ ಕೊಟ್ಟೂರಿನ ಅಕ್ಕ ಒಬ್ಬಳೇ. ಬೇರೆ ಯಾವ ಮಷಿನ್‌ನಿಂದಲೂ ಆಕೆಯ ಹೆಸರಿನಲ್ಲಿ ಯಾರೂ ಒಳಗೆ ಬಂದಿರಲಿಲ್ಲ. ಎರಡು ದಿನ ಟೈಮು ಕೊಡಿ ಸಾರ್ ಎಂದು ಕೇಳಿಕೊಂಡು, ಮಧ್ಯಾಹ್ನದ ಬಸ್ಸಿಗೆ ಕೊಟ್ಟೂರಿಗೆ ಹೋದೆ.

ಅಕ್ಕ ಅಳುತ್ತಿರಲಿಲ್ಲ. ಕೇಂದ್ರದ ನೆಲ ಒರೆಸಿ, ಕೀಬೋರ್ಡಿನ ಧೂಳು ತೆಗೆದು, ಚಾರ್ಜು ಒಪ್ಪಿಸುವವಳ ಹಾಗೆ ಎಲ್ಲ ಜೋಡಿಸಿಟ್ಟು ಕೂತಿದ್ದಳು. ನಲವತ್ತು ದಾಟಿದ ವಯಸ್ಸು. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದಳು. ಪಾಸ್‌ವರ್ಡ್ ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದೆ. ಅಷ್ಟು ಸಂಕಟದಲ್ಲೂ ಆಕೆ ಸೆರಗು ಬಾಯಿಗೆ ಹಿಡಿದು ನಾಚಿಕೊಂಡಳು.

“ಅದು ನಮ್ಮ ಮನಿಯವ್ರ ಹೆಸರು ತಂಗಿ. ಮದಿವ್ಯಾಗ ಒಡಪು ಹಾಕಿ ಹೇಳಿದ್ದು ಬಿಟ್ರ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಯಾರಿಗೂ ಹೇಳದ ಮಾತು ಇಡ್ರಿ ಅಂತ ನೀನ ಹೇಳಿದ್ದಿ.”

ಹೌದು, ತರಬೇತಿಯಲ್ಲಿ ಹಾಗೆಯೇ ಹೇಳಿದ್ದೆ. ಮದುವೆಯಲ್ಲಿ ಹೇಳುವ ಒಡಪಿನ ಪದ್ಯ ಬಿಟ್ಟರೆ ಗಂಡನ ಹೆಸರು ಹೇಳದ ಹೆಂಗಸರ ಊರಿನಲ್ಲಿ ಆ ಮಾತಿಗೆ ಈ ಅರ್ಥವೇ ಬರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಇಡೀ ಪೇಟೆಗೆ ಗೊತ್ತಿದ್ದ ಹೆಸರು ಅದು. ಆದರೆ ಅಕ್ಕನ ಪಾಲಿಗೆ ಅದಕ್ಕಿಂತ ಭದ್ರವಾದ ಪದ ಈ ಲೋಕದಲ್ಲಿ ಇರಲಿಲ್ಲ. ನನಗೆ ನಗು ಬಂತು. ಮೂರು ವರ್ಷದಿಂದ ನೋಡಿದವಳು ನಾನು, ಈಕೆ ಹೇಳಿರಲಾರಳು ಎಂದು ಆಗಲೇ ನಂಬಿದೆ. ನಂಬಿಕೆಯನ್ನು ಡಾಕ್ಟರ ಮೇಜಿನ ಮೇಲೆ ಪ್ರಿಂಟು ತೆಗೆದು ಇಡುವುದಕ್ಕೆ ಆಗುವುದಿಲ್ಲವಲ್ಲ.

ಕಿಟಕಿಯ ಹತ್ತಿರ ನಿಂತು ಯೋಚಿಸುತ್ತಿದ್ದೆ. ಕಿಟಕಿಯ ಚೌಕಟ್ಟಿನಲ್ಲಿ ಒಂದು ತೂತು, ಅದರೊಳಗಿಂದ ನಾನೇ ಎಳೆದ ನೀಲಿ ಕೇಬಲ್ ಕೆಳಗಿಳಿದಿತ್ತು. ಕೆಳಗಿನ ಮಳಿಗೆಯಲ್ಲಿ ಒಂದು ನೆಟ್ ಸೆಂಟರ್. ಕೇಬಲ್ ಹೋಗಿ ಸೇರುತ್ತಿದ್ದುದು ಅಲ್ಲಿಗೆ. ರಿಪೋರ್ಟುಗಳೆಲ್ಲ ಆ ಮಳಿಗೆಯನ್ನು ಹಾದೇ ಮೇಲೆ ಬರುತ್ತಿದ್ದವು ಎಂದು ಆಗ ಹೊಳೆಯಿತು.

ಮೊದಲು ಹಾಗಿರಲಿಲ್ಲ. ಶುರುವಿನಲ್ಲಿ ಕೇಂದ್ರದ ಮೋಡೆಮ್ ನೇರವಾಗಿ ನಮ್ಮ ಆಸ್ಪತ್ರೆಯ ಮೋಡೆಮ್‌ಗೆ ಫೋನು ಮಾಡುತ್ತಿತ್ತು. ನಡುವೆ ಟೆಲಿಫೋನ್ ಲೈನು ಬಿಟ್ಟರೆ ಯಾರೂ ಇಲ್ಲ. ಆ ಲೈನಿನ ಮೇಲೆ ಟೆಲ್‌ನೆಟ್ ಎಂಬ ಹಳೆಯ ಪ್ರೋಟೋಕಾಲ್‌ನಲ್ಲಿ ಅಕ್ಕ ಸರ್ವರ್‌ನ ಜೊತೆ ಮಾತಾಡುತ್ತಿದ್ದಳು. ಪ್ರೋಟೋಕಾಲ್ ಎಂದರೆ ಎರಡು ಯಂತ್ರಗಳು ಹೇಗೆ ಮಾತಾಡಬೇಕು ಎಂಬ ರೀತಿ ರಿವಾಜು. ಟೆಲ್‌ನೆಟ್ ಹುಟ್ಟಿದ ಕಾಲದಲ್ಲಿ ತಂತಿಯ ಎರಡೂ ತುದಿಯಲ್ಲಿ ಇದ್ದವರು ಪರಸ್ಪರ ಗೊತ್ತಿದ್ದವರೇ. ಹಾಗಾಗಿ ಅದು ಏನನ್ನೂ ಮುಚ್ಚಿಡುವುದಿಲ್ಲ. ಓಣಿಯ ಈ ತುದಿಯಿಂದ ಆ ತುದಿಗೆ ಕೂಗಿ ಹೇಳಿದಂತೆ, ಪಾಸ್‌ವರ್ಡ್ ಸಹ ಒಂದೊಂದೇ ಅಕ್ಷರವಾಗಿ ಬಯಲಲ್ಲಿ ಹೋಗುತ್ತದೆ.

ಆಮೇಲೆ ಇಂಟರ್ನೆಟ್ ಬಂತು. ನೆಟ್ ಸೆಂಟರಿನ ಮಾಲೀಕ ಒಳ್ಳೆಯವನು. ಆಸ್ಪತ್ರೆಯ ಕೆಲಸ ಅಂದರೆ ಪುಣ್ಯದ ಕೆಲಸ, ನಮ್ಮ ಲೈನಿನಲ್ಲೇ ಒಂದು ಎಳೆ ತಗೊಳ್ಳಿ ಎಂದ. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದಷ್ಟು ಸಹಜವಾಗಿ ನಾನು ಕೇಬಲ್ ತಂದೆ. ಹಾದಿ ಬದಲಾಯಿತು, ಮಾತಾಡುವ ರೀತಿ ಬದಲಾಗಲಿಲ್ಲ. ಎಲ್ಲವನ್ನೂ ಗುಪ್ತಲಿಪಿಗೆ ತಿರುಗಿಸಿ ಕಳಿಸುವ ಎಸ್‌ಎಸ್‌ಎಚ್ ಎಂಬ ಹೊಸ ಪ್ರೋಟೋಕಾಲ್ ಇದೆಯೆಂದು ನನಗೆ ಗೊತ್ತಿರಲಿಲ್ಲ ಎಂದೇನಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ‘ಟೆಲ್‌ನೆಟ್ ಬದಲಿಸಬೇಕು’ ಎಂದು ಬರೆದು ಏಳು ತಿಂಗಳಾಗಿತ್ತು. ಕೇಂದ್ರದ ಕಂಪ್ಯೂಟರ್‌ಗಳು ಹಳೆಯವು, ನಿಧಾನವಾಗುತ್ತವೆ, ನಡೆಯುವುದನ್ನು ಯಾಕೆ ಕೆಣಕಬೇಕು ಎಂದು ಮುಂದಕ್ಕೆ ಹಾಕುತ್ತ ಬಂದಿದ್ದೆ.

ಕೆಳಗಿಳಿದು ಮಾಲೀಕನ ಅಪ್ಪಣೆ ಕೇಳಿ, ನನ್ನ ಲ್ಯಾಪ್‌ಟಾಪನ್ನು ಅವನ ಹಬ್ಬಿಗೆ ಸಿಕ್ಕಿಸಿದೆ. ಹಬ್ ಎಂದರೆ ಹತ್ತಾರು ಕೇಬಲ್ ಬಂದು ಸೇರುವ ಡಬ್ಬಿ. ಅದಕ್ಕೆ ಒಂದು ಚಟ: ಒಂದು ಕೇಬಲ್ಲಿನಲ್ಲಿ ಬಂದದ್ದನ್ನು ಉಳಿದೆಲ್ಲ ಕೇಬಲ್ಲಿಗೂ ಹೇಳಿಬಿಡುತ್ತದೆ. ತಂತಿಯ ಮೇಲೆ ಹೋಗುವುದನ್ನು ಹಿಡಿದು ತೋರಿಸುವ ಪ್ರೋಗ್ರಾಂ ಶುರು ಮಾಡಿ, ಮೇಲಿನ ಕೇಂದ್ರಕ್ಕೆ ಫೋನು ಮಾಡಿ, ಅಕ್ಕ ಈಗ ಲಾಗಿನ್ ಆಗು ಎಂದೆ. ಸ್ವಲ್ಪ ಹೊತ್ತಿಗೆ ನನ್ನ ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡತೊಡಗಿತು. ಆಕೆ ಇಷ್ಟು ವರ್ಷ ನಾಲಿಗೆಯ ಮೇಲೆ ತರದ ಹೆಸರು, ಕಡೆಯ ಅಕ್ಷರದವರೆಗೆ. ಪರರ ಕೋಣೆಗೆ ಕೇಳದೆ ನುಗ್ಗಿದವಳ ಹಾಗೆ ನನಗೆ ಮುಖ ಬಿಸಿಯಾಯಿತು, ಬೇಗ ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿದೆ. ಬೇರೆ ಯಾರು ಹೀಗೆ ನೋಡಿದ್ದರೂ ನಮ್ಮ ಸರ್ವರ್‌ಗೆ ಅದು ಗೊತ್ತೇ ಆಗುವುದಿಲ್ಲ. ಒಳಗೆ ಬಂದವರ ಲೆಕ್ಕ ಅದು ಇಡುತ್ತದೆ, ಹೊರಗೆ ನಿಂತು ಕೇಳಿಸಿಕೊಂಡವರದ್ದಲ್ಲ.

ಮಾಲೀಕ ನನ್ನ ಹಿಂದೆಯೇ ನಿಂತಿದ್ದ. ಅವನ ದನಿ ಇಳಿದುಹೋಗಿತ್ತು.

“ಮೇಡಂ, ಇದನ್ನ ನಾ ಮೊದ್ಲ ನೋಡೀನ್ರಿ.”

ಅವನ ಸೆಂಟರಿನಲ್ಲಿ ಆ ತಿಂಗಳು ಇಂಟರ್ನೆಟ್ ಬಹಳ ನಿಧಾನವಾಗಿತ್ತಂತೆ. ಯಾವ ಕಂಪ್ಯೂಟರ್ ಲೈನನ್ನು ತಿನ್ನುತ್ತಿದೆ ಎಂದು ಹುಡುಕಲು, ಯಾವುದೋ ಮ್ಯಾಗಜಿನ್ ಜೊತೆ ಬಂದ ಸಿ.ಡಿ.ಯಿಂದ ಇಂಥದೇ ಒಂದು ಪ್ರೋಗ್ರಾಂ ಹಾಕಿದ್ದನಂತೆ. ಹೋಗಿಬರುವ ಅಕ್ಷರಗಳ ನಡುವೆ ಒಂದು ಹೆಸರು ಕಂಡಿತು, ಊರಿನ ಹೆಸರು, ವಯಸ್ಸು, ಕೊನೆಗೆ ಪಾಸಿಟಿವ್ ಎಂಬ ಪದ. ದಿನಾ ತನ್ನ ಮನೆಗೆ ರೊಟ್ಟಿ ಕೊಡುವವಳ ಹೆಸರು.

“ಯಾರಿಗೂ ಹೇಳಿಲ್ರಿ. ಮನ್ಯಾಗ ಇಕಿಗೆ ಮಾತ್ರ ಅಂದೆ, ಇನ್ನ ಮ್ಯಾಲೆ ಆ ರೊಟ್ಟಿ ಬ್ಯಾಡ ಅಂತ. ಹುಡುಗ್ರು ಸಣ್ಣವು ಅದಾವು, ಅಂಜಿಕಿ ಬಂತ್ರಿ. ಅಷ್ಟ.”

ಅಷ್ಟೇ. ಮಾತು ಅಲ್ಲಿಂದ ಒಂದು ಕಟ್ಟೆ ದಾಟಿತು, ಇನ್ನೊಂದು ಕಟ್ಟೆ ದಾಟಿತು. ಅವನನ್ನು ಬೈಯುವ ಹಾಗಿರಲಿಲ್ಲ. ಅವನು ಕಳ್ಳನಲ್ಲ; ಅವನ ಜಗುಲಿಯಲ್ಲಿ ಬೀಗವಿಲ್ಲದ ಪೆಟ್ಟಿಗೆ ಇಟ್ಟು ಬಂದವಳು ನಾನು. ನೋಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡು ಎಂದೆ. ಕಣ್ಣು ಒರೆಸಿಕೊಂಡು ಬರೆದು ಸಹಿ ಹಾಕಿದ. ಮೇಲೆ ಹೋಗಿ ಅಕ್ಕನಿಗೆ ತಿಳಿಸಿದಾಗ, ಆಗ ಆಕೆ ಅತ್ತಳು.

ಮರುದಿನ ಹರಪನಹಳ್ಳಿಗೆ ಮರಳಿ ಡಾಕ್ಟರ ಮುಂದೆ ಆ ಹಾಳೆ ಇಟ್ಟೆ. ಓದಿ, ಕನ್ನಡಕ ತೆಗೆದಿಟ್ಟರು. ಅಕ್ಕನನ್ನು ಕೆಲಸದಿಂದ ಬಿಡಿಸುವ ಮಾತು ಅಲ್ಲಿಗೇ ನಿಂತಿತು. ಆಮೇಲೆ ಅವರು ಕೊಟ್ಟ ಸಲಹೆ ಲೋಕದ ರೀತಿಯದು: ಪ್ರೋಟೋಕಾಲ್ ಸದ್ದಿಲ್ಲದೆ ಬದಲಿಸು, ಹೆಚ್ಚು ಗುಲ್ಲು ಬೇಡ, ಟ್ರಸ್ಟಿನ ಹೆಸರು ಕೆಟ್ಟರೆ ನಾಳೆ ಬೇರೆ ರೋಗಿಗಳೂ ಬರುವುದು ನಿಲ್ಲಿಸುತ್ತಾರೆ. ಅದರಲ್ಲೂ ಹುರುಳಿತ್ತು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಾಗಿತ್ತು, ಬರೆ ಬಿದ್ದ ಜಾಗ ಅಕ್ಕನ ಮೈಯಲ್ಲಿ ಹಾಗೇ ಇತ್ತು. ನಾವು ಸುಮ್ಮನಿದ್ದರೆ ರೊಟ್ಟಿಯ ಹೆಂಗಸು ಅಕ್ಕನೇ ಹೇಳಿದಳೆಂದು ನಂಬಿಕೊಂಡು ಇರುತ್ತಾಳೆ, ಮಾತ್ರೆಗೆ ಬರುವುದಿಲ್ಲ, ಅಷ್ಟೇ ಎಂದೆ. ತಪ್ಪು ನನ್ನದು, ಆಕೆಗೆ ನಾನೇ ಹೋಗಿ ಹೇಳುತ್ತೇನೆ, ಮತ್ತು ಹೊಸದು ಸಿದ್ಧವಾಗುವ ತನಕ ನಾಲ್ಕೂ ಕೇಂದ್ರಗಳ ತಂತಿ ಬಿಚ್ಚಿಡುತ್ತೇನೆ ಎಂದೆ. ದನಿ ಸ್ವಲ್ಪ ಏರಿತ್ತು. ಡಾಕ್ಟರು ನನ್ನನ್ನೇ ನೋಡಿ, ಹೋಗಿ ಬಾ ಎಂದರು.

ಅಂದೇ ಟೆಲ್‌ನೆಟ್ ನಿಲ್ಲಿಸಿದೆ. ಅಂದಿನಿಂದ ರಿಪೋರ್ಟುಗಳು ಅಂಟಿಸಿದ ಲಕೋಟೆಯಲ್ಲಿ, ಬಸ್ಸಿನಲ್ಲಿ, ನಮ್ಮವರ ಕೈಯಲ್ಲೇ ಹೋದವು.

ಮರುದಿನ ಅಕ್ಕ ಮತ್ತು ನಾನು ಆ ಹೆಂಗಸಿನ ಮನೆಗೆ ಹೋದೆವು. ಅಂಗಳದಲ್ಲಿ ಒಲೆ ಹೂಡಿ ಕೂತಿದ್ದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ನಮ್ಮನ್ನು ಕೂರಿ ಎನ್ನಲೂ ಇಲ್ಲ. ನಾನು ನಿಂತೇ ಹೇಳಿದೆ. ರಿಪೋರ್ಟು ಬರುವ ತಂತಿಗೆ ನಾನು ರಕ್ಷಣೆ ಕೊಟ್ಟಿರಲಿಲ್ಲ, ದಾರಿಯಲ್ಲಿ ಒಬ್ಬರ ಕಣ್ಣಿಗೆ ಬಿತ್ತು, ಅಕ್ಕ ತುಟಿ ಬಿಚ್ಚಿಲ್ಲ, ತಪ್ಪು ನನ್ನದು. ಯಾರ ಕಣ್ಣಿಗೆ ಎಂದು ಆಕೆ ಕೇಳಲಿಲ್ಲ. ಅಕ್ಕ ಹೇಳಲಿಲ್ಲವಾ ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಇನ್ನೊಂದು ಸಲ ಕೇಳಿದಳು. ಇಲ್ಲ ಎಂದೆ. ಹೆಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ನಾವು ಬಂದ ದಾರಿಯಲ್ಲೇ ಮರಳಿದೆವು. ಆಕೆ ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಮಾತ್ರೆ ಮುಗಿಯಲು ಇನ್ನು ಏಳು ದಿನವಿತ್ತು.

ಆ ಏಳು ದಿನ ನಾನು ಕೆಲಸದಲ್ಲಿ ಮುಳುಗಿದೆ. ಎಸ್‌ಎಸ್‌ಎಚ್ ಸಹ ಒಂದೇ ಬಾರಿಗೆ ಸರಿಯಾಗಿ ಹುಟ್ಟಿದ್ದಲ್ಲ. ಅದರ ಮೊದಲ ಆವೃತ್ತಿಯಲ್ಲಿ ಒಂದು ದೋಷ: ನಡುದಾರಿಯಲ್ಲಿ ಕೂತವನು ಗುಪ್ತಲಿಪಿಯನ್ನು ಓದಲಾಗದಿದ್ದರೂ ಅದರೊಳಗೆ ತನ್ನದೊಂದಿಷ್ಟು ಸೇರಿಸಿಬಿಡಬಹುದಿತ್ತು. ಎರಡನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದ್ದರು. ನಮ್ಮ ಸರ್ವರ್‌ನಲ್ಲಿದ್ದದ್ದು ಮೊದಲನೆಯದು ಮಾತ್ರ ಬಲ್ಲ ಸಾಫ್ಟ್‌ವೇರ್. ಅದನ್ನು ಕಿತ್ತು ಹೊಸದನ್ನು ಹಾಕಿ, ಮೊದಲ ಆವೃತ್ತಿಗೆ ಬಾಗಿಲು ತೆರೆಯದಂತೆ ಮಾಡಿದೆ. ಅದಕ್ಕೂ ಮೊದಲೇ ಕೊಟ್ಟೂರಿನ ಹಳೆಯ ಕಂಪ್ಯೂಟರ್‌ಗೆ ಒಂದು ಸಣ್ಣ ಪ್ರೋಗ್ರಾಂ ಹಾಕಿಬಂದಿದ್ದೆ.

ಅಲ್ಲಿ ಕೂತು ಅಕ್ಕನಿಗೆ ವಿವರಿಸಿದ್ದೆ. ಮಾತು ಶುರುವಾಗುವ ಮೊದಲು ಎರಡೂ ಯಂತ್ರಗಳು ತಮ್ಮ ತಮ್ಮಲ್ಲಿ ಒಂದೊಂದು ಅಂಕಿಯನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತವೆ. ಅದರಿಂದ ಲೆಕ್ಕ ಮಾಡಿದ ಬೇರೊಂದು ಅಂಕಿಯನ್ನು ಮಾತ್ರ ಎಲ್ಲರ ಎದುರಿಗೇ ಕಳಿಸುತ್ತವೆ. ಬಂದದ್ದನ್ನು ತನ್ನ ಗುಟ್ಟಿನ ಜೊತೆ ಸೇರಿಸಿದರೆ ಎರಡೂ ಕಡೆ ಒಂದೇ ಕೀಲಿ ಹುಟ್ಟುತ್ತದೆ. ನಡುವೆ ನಿಂತು ನೋಡಿದವನ ಕೈಗೆ ಅದು ಸಿಗುವುದಿಲ್ಲ. ಅಕ್ಕ ಗಲ್ಲಕ್ಕೆ ಬೆರಳಿಟ್ಟು ಕೇಳಿ, ಅಂದರೆ ಕೀಲಿಯನ್ನು ಯಾರೂ ಯಾರಿಗೂ ಕೊಡುವುದೇ ಇಲ್ಲ ಎಂದಳು. ಪಾಲಿಟೆಕ್ನಿಕ್ಕಿನಲ್ಲಿ ಎರಡು ವಾರ ತಲೆ ಕೆರೆದುಕೊಂಡು ನಾನು ಕಲಿತದ್ದು ಅದು. ಹೊಸ ಪಾಸ್‌ವರ್ಡ್ ಇಡು, ಮನೆಯವರ ಹೆಸರು ಬೇಡ ಎಂದು ಹೇಳಿ ಗೋಡೆ ಕಡೆ ಮುಖ ಮಾಡಿ ನಿಂತೆ. ಬಹಳ ಹೊತ್ತು ತೆಗೆದುಕೊಂಡಳು. ಏನಿಟ್ಟಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ಜಾಗ್ರತೆ ಉಳಿದಿತ್ತು. ಮಾತಾಡುವ ಯಂತ್ರ ನಮ್ಮ ಸರ್ವರೇ ಹೌದೋ, ನಡುವೆ ಯಾರೋ ಅದರ ವೇಷ ಹಾಕಿದ್ದಾರೋ ತಿಳಿಯಬೇಕು. ಅದಕ್ಕಾಗಿ ಸರ್ವರ್‌ಗೆ ಒಂದು ಗುರುತು ಇರುತ್ತದೆ, ಹದಿನಾರು ಜೋಡಿ ಅಕ್ಷರ ಅಂಕಿಗಳದ್ದು. ಮೊದಲ ಸಲ ಸೇರುವಾಗ ಪರದೆಯಲ್ಲಿ ಅದು ಬರುತ್ತದೆ, ನಂಬಬಹುದೇ ಎಂದು ಕೇಳುತ್ತದೆ. ನಾನು ಒಂದು ಕಾರ್ಡಿನಲ್ಲಿ ಆ ಗುರುತನ್ನು ಬರೆದು ಅಕ್ಕನ ಕೈಗೆ ಕೊಟ್ಟು, ಒಂದಕ್ಷರ ಬೇರೆಯಿದ್ದರೂ ಒಪ್ಪಬೇಡ ಎಂದು ಹೇಳಿ ಬಂದಿದ್ದೆ.

ಎಣಿಸಿದ್ದಕ್ಕಿಂತ ಮೊದಲೇ, ಆರನೆಯ ದಿನ ಬೆಳಿಗ್ಗೆ ಸರ್ವರ್ ಸಿದ್ಧವಾಯಿತು. ಅಷ್ಟು ಬೇಗ ಮುಗಿಸಿದೆನೆಂದು ಒಳಗೊಳಗೇ ಬೀಗುತ್ತ ಅಕ್ಕನಿಗೆ ಫೋನು ಮಾಡಿದೆ. ಆಕೆ ಸೇರಿಸಿದಳು, ಪರದೆಯ ಅಕ್ಷರಗಳನ್ನು ಒಂದೊಂದೇ ಜೋಡಿ ಓದಿದಳು. ಕಾರ್ಡಿನ ಜೊತೆ ಒಂದೂ ಹೊಂದಲಿಲ್ಲ. ನನಗೆ ಕೂಡಲೇ ತಿಳಿಯಿತು: ಕಾರ್ಡು ಬರೆದದ್ದು ಹಳೆಯ ಸಾಫ್ಟ್‌ವೇರ್ ಕೀಳುವ ಮೊದಲು; ಹೊಸದು ಹೊಸ ಗುರುತು ಹುಟ್ಟಿಸಿತ್ತು, ನಾನು ಕಾರ್ಡು ಬದಲಿಸುವುದನ್ನು ಮರೆತಿದ್ದೆ. ಇರಲಿ ಅಕ್ಕ, ಇದು ನಮ್ಮದೇ, ಒಪ್ಪಿಗೆ ಒತ್ತು ಎಂದೆ. ಒತ್ತಲಿಲ್ಲ. ನನ್ನ ಸಿಟ್ಟು ಮೂಗಿಗೆ ಬಂತು, ನಾನೇ ಹೇಳುತ್ತಿದ್ದೇನಲ್ಲ ಎಂದು ಗದರಿದೆ.

“ಫೋನಿನ್ಯಾಗ ಇರಾಕಿ ನೀನ ಅಂತ ಗೊತ್ತೈತಿ ತಂಗಿ. ಆ ಕಡಿ ಇರೋ ಮಷಿನ್ ನಿಂದ ಅಂತ ನನಗ ಹೆಂಗ ಗೊತ್ತಾಗಬೇಕು? ಕಾರ್ಡ್ ತಗೊಂಡು ಬಾ. ಅಲ್ಲೀತನಕ ನಾ ಒತ್ತಂಗಿಲ್ಲ.”

ಫೋನಿಟ್ಟೆ. ಗುಟ್ಟು ಹೊರಹಾಕಿದಳೆಂದು ನಾವು ಮನೆಗೆ ಕಳಿಸಹೊರಟಿದ್ದು ಇಂಥವಳನ್ನು. ಹೊಸ ಕಾರ್ಡು ಬರೆದು, ಎರಡು ಸಲ ತಾಳೆ ನೋಡಿ, ಮರುದಿನ ಮೊದಲ ಬಸ್ಸು ಹಿಡಿದೆ. ಆಕೆ ಕಾರ್ಡನ್ನು ಪರದೆಯ ಪಕ್ಕಕ್ಕೆ ಹಿಡಿದು, ಬೆರಳಿಟ್ಟು ಹದಿನಾರೂ ಜೋಡಿ ಓದಿ, ಆಮೇಲೆ ಒತ್ತಿದಳು. ನಾನು ಕೆಳಗಿನ ಹಬ್ಬಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದೆ. ಅರ್ಥವಿಲ್ಲದ ಅಕ್ಷರಗಳ ರಾಶಿ ಬಿಟ್ಟರೆ ಏನೂ ಇರಲಿಲ್ಲ. ಮಾಲೀಕನೂ ಬಗ್ಗಿ ನೋಡಿದ. ಮನೆಯಲ್ಲಿ ಮತ್ತೆ ರೊಟ್ಟಿ ತರಿಸಲು ಶುರು ಮಾಡಿದ್ದೇವೆ, ಓಣಿಯವರಿಗೆ ಕಾಣುವ ಹಾಗೆ ಕಟ್ಟೆಯ ಮೇಲೆ ಕೂತೇ ತಿನ್ನುತ್ತೇನೆ ಎಂದು ನೆಲ ನೋಡುತ್ತ ಹೇಳಿದ.

ಅದು ರೊಟ್ಟಿಯ ಹೆಂಗಸಿನ ಮಾತ್ರೆ ಮುಗಿಯುವ ದಿನ. ಆಕೆ ಬಿಟ್ಟುಹೋದ ಮಾತ್ರೆಯ ಕಾರ್ಡನ್ನು ಅಕ್ಕ ಮೇಜಿನ ಮೇಲೆ ತೆಗೆದಿಟ್ಟಿದ್ದಳು. ನಾವಿಬ್ಬರೂ ಮೆಟ್ಟಿಲ ಮೇಲೆ ಸಪ್ಪಳವಾದಾಗಲೆಲ್ಲ ಬಾಗಿಲ ಕಡೆ ನೋಡಿದೆವು. ಊಟದ ಹೊತ್ತು ಮೀರಿದ ಮೇಲೆ ಆಕೆ ಬಂದಳು. ಕೈಯಲ್ಲಿ ಇನ್ನೂ ಹಿಟ್ಟಿತ್ತು. ಅಕ್ಕನನ್ನು ಬಿಟ್ಟು ನನ್ನ ಕಡೆ ತಿರುಗಿ, ಈಗ ತಂತಿಗೆ ಬೀಗ ಹಾಕಿದೆಯಾ ಎಂದು ಕೇಳಿದಳು. ಹಾಕಿದ್ದೇನೆ ಎಂದೆ. ಯಾವತ್ತಿಗೂ ಮುರಿಯುವುದಿಲ್ಲವಾ ಎಂದಳು. ಹೂಂ ಅನ್ನಬಹುದಿತ್ತು. ಆಕೆಗೆ ಸುಳ್ಳು ಹೇಳುವುದು ಬೇಡವೆನಿಸಿತು. ಇದರ ಹಿಂದಿನದು ಕೆಲವೇ ವರ್ಷ ಬಾಳಿತು, ಇದೂ ಒಂದು ದಿನ ಹಳೆಯದಾಗುತ್ತದೆ, ಆಗ ಬದಲಿಸುತ್ತೇನೆ, ಈ ಸಲ ಮುಂದಕ್ಕೆ ಹಾಕುವುದಿಲ್ಲ ಎಂದೆ. ಆಕೆ ತಲೆಯಾಡಿಸಿ ಅಕ್ಕನ ಎದುರಿನ ಕುರ್ಚಿಯಲ್ಲಿ ಕೂತಳು.

ಇನ್ನು ಮುಂದೆ ಕಂಪ್ಯೂಟರ್‌ನಲ್ಲಿ ಹೆಸರು ಬರೆಯದೆ ಬರೀ ನಂಬರು ಬರೆಯಬೇಕೆಂದು ನಾನೇ ಹೊಸ ಕ್ರಮ ಮಾಡಿದ್ದೆ. ಅಕ್ಕ ಅದನ್ನು ಆಕೆಗೆ ತಿಳಿಸಿ, ನಂಬರು ಒತ್ತಲು ಬೆರಳೆತ್ತಿದಳು. ಆಕೆ ಹಿಟ್ಟಿನ ಕೈಯನ್ನೇ ಚಾಚಿ ಅಕ್ಕನ ಮಣಿಕಟ್ಟು ಹಿಡಿದಳು.

“ನಂಬರ್ ಯಾಕ ಯಕ್ಕಾ? ನನಗ ಹೆಸರಿಲ್ಲೇನು? ಬರಿ ನನ್ನ ಹೆಸರ. ನೀ ಬರದದ್ದು ಅಂದ್ರ ಇರ್ಲಿ.”

ಅಕ್ಕ ನನ್ನ ಮುಖ ನೋಡಿದಳು. ಕ್ರಮದ ಪ್ರಕಾರ ನಾನು ಬೇಡ ಅನ್ನಬೇಕಿತ್ತು; ಬರಿ ಎಂದೆ. ಅಕ್ಕ ನಿಧಾನವಾಗಿ ಹೆಸರು ಟೈಪು ಮಾಡಿದಳು. ಓದಲು ಬಾರದ ಆ ಹೆಂಗಸು ಪರದೆಯ ಮೇಲೆ ತನ್ನ ಹೆಸರು ಮುಗಿಯುವ ತನಕ ಕಣ್ಣು ಕೀಳದೆ ನೋಡಿ, ಆಮೇಲೆ ಮಾತ್ರೆಗೆ ಕೈ ನೀಡಿದಳು.